ಸತ್ತವನ ಉಸಿರಿನ ಮಾಲೀಕ

ನನ್ನ ಗಂಡನನ್ನು ಎರಡು ಸಲ ಗಡೀಪಾರು ಮಾಡಿದರು. ಮೊದಲ ಸಲ ಸರ್ಕಾರ ಮಾಡಿತು. ಎರಡನೆಯ ಸಲ ಫೋನು ಮಾಡಿತು. ಸರ್ಕಾರಕ್ಕಾದರೂ ಒಂದು ಕಟ್ಟಡವಿದೆ. ಉಗಿಯಬೇಕೆನಿಸಿದರೆ ಗೋಡೆಯಿದೆ. ಫೋನಿಗೆ ಉಗಿದರೆ ನಾವೇ ಒರೆಸಿಕೊಳ್ಳಬೇಕು.

ನನ್ನ ಹೆಸರು ಓತಿಲಿಯಾ. ಲಾಸ್ ಏಂಜಲಿಸಿನಲ್ಲಿ ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಯಾರ್ಯಾರೋ ಮಲಗಿ ಎದ್ದ ಹಾಸುಬಟ್ಟೆಗಳನ್ನು ಬಿಸಿ ಉರುಳೆಗಳ ನಡುವೆ ತೂರಿಸುವುದು ನನ್ನ ಪಾಲಿನದು. ಬೆರಳ ತುದಿಯ ಗೆರೆಗಳೆಲ್ಲ ಸುಟ್ಟು ಅಳಿಸಿಹೋಗಿವೆ. ಕಾಗದವಿಲ್ಲದೆ ಈ ದೇಶಕ್ಕೆ ಬಂದವಳಿಗೆ ಬೆರಳಚ್ಚಾದರೂ ಯಾಕೆ ಎಂದುಕೊಂಡು ಸುಮ್ಮನಿದ್ದೇನೆ. ನಮ್ಮೂರು ಮೆಕ್ಸಿಕೋದ ಬೆಟ್ಟದ ಮೇಲಿನ ಸಾನ್ ತಾದೇಯೊ. ನಾವು ಅಲ್ಲಿನ ಮೂಲನಿವಾಸಿಗಳಾದ ಸಪೊತೆಕರು. ಊರಿನ ಅರ್ಧ ಜನ ಅಲ್ಲಿದ್ದಾರೆ. ಉಳಿದರ್ಧ ಈ ನಗರದ ಹೋಟೆಲುಗಳ ಹಿಂಬಾಗಿಲಲ್ಲಿ ತಟ್ಟೆ ತೊಳೆಯುತ್ತಿದ್ದಾರೆ.

ನನ್ನ ಗಂಡ ಫೌಸ್ತೀನೊ ತೂಬಾ ಊದುತ್ತಿದ್ದ. ಮೈಗೆ ಹಾವಿನಂತೆ ಸುತ್ತಿಕೊಳ್ಳುವ ಹಿತ್ತಾಳೆಯ ದೊಡ್ಡ ಕಹಳೆ ಅದು. ಒಂದು ಭಾನುವಾರ ಬ್ಯಾಂಡಿನ ತಾಲೀಮಿಗೆ ಹೊರಟಿದ್ದವನನ್ನು ಕಾರಿನ ಹಿಂದಿನ ದೀಪ ಒಡೆದಿದೆ ಎಂದು ನಿಲ್ಲಿಸಿದರು. ದೀಪಕ್ಕೆ ನಿಲ್ಲಿಸಿದವರು ದೇಶದಿಂದಲೇ ಆಚೆ ತಳ್ಳಿದರು. ಕಹಳೆಯನ್ನು ಮಾತ್ರ ಕಾರಿನಲ್ಲೇ ಬಿಟ್ಟರು. ಕಹಳೆಗೆ ಯಾರೂ ಕಾಗದ ಕೇಳಲಿಲ್ಲ. ಅದು ನಮ್ಮ ಸೋಫಾದ ಹಿಂದೆ ನಿಂತಿತು. ಅವನು ಊರಿಗೆ ಹೋಗಿ ಬೇರೆ ಕಹಳೆ ಹಿಡಿದ. ನಾನು ಮಗಳು ಮೊಮ್ಮಕ್ಕಳೊಂದಿಗೆ ಇಲ್ಲೇ ಉಳಿದೆ. ಹೋದರೆ ಮತ್ತೆ ಬರುವ ಹಾಗಿರಲಿಲ್ಲ.

ಆಮೇಲೆ ನಮ್ಮ ಸಂಸಾರ ನಡೆದದ್ದು ಫೋನಿನಲ್ಲಿ. ನನ್ನ ಮೈದುನನ ಮಗ ಪ್ರೊಕೋರೊ ಮೊದಲು ಮೇಕೆ ಕಾಯುತ್ತಿದ್ದ. ಆಮೇಲೆ ಮೇಕೆ ಮಾರಿ ಫೋನು ಕೊಂಡ. ಊರಿನ ಹೆಸರಲ್ಲಿ ಒಂದು ಪುಟ ತೆರೆದು ಹಬ್ಬ, ಮದುವೆ, ಸಾವು ಎಲ್ಲವನ್ನೂ ನೇರವಾಗಿ ತೋರಿಸತೊಡಗಿದ. ಇಲ್ಲಿ ತಟ್ಟೆ ತೊಳೆಯುವವರು ತೊಟ್ಟಿಯ ಮೇಲೆ ಫೋನು ಒರಗಿಸಿಕೊಂಡು ಊರಿನ ಮೆರವಣಿಗೆ ನೋಡುತ್ತಿದ್ದರು. ಅಲ್ಲಿ ಕುಣಿಯುವವರು ಮೊದಲು ಸಂತನ ಕಡೆ ಮುಖ ಮಾಡಿ ಕುಣಿಯುತ್ತಿದ್ದರು. ಈಗ ಪ್ರೊಕೋರೊನ ಕಡೆ ತಿರುಗಿ ಕುಣಿಯುತ್ತಾರೆ. ಪಾದ್ರಿ ಸಿಗ್ನಲ್ ಬಂದಿದೆಯೇ ಎಂದು ಕಣ್ಣಲ್ಲೇ ಕೇಳಿ ಆಮೇಲೆ ಪ್ರಸಾದದ ರೊಟ್ಟಿ ಎತ್ತುತ್ತಾನೆ. ಸಂತನಿಗೆ ಬೇಸರವಾಗಿರಬಹುದು. ನಮಗಂತೂ ಊರು ಉಳಿಯಿತು.

ನಮ್ಮೂರಿನ ಸಂತ ತಾದೇಯೊ ಕೈಬಿಟ್ಟುಹೋದ ಕೆಲಸಗಳ ಒಡೆಯ. ದೇವರ ಮೇಲೆ ನನಗೆ ಭಕ್ತಿಯಿದೆ. ಸಂತನ ಮೇಲೆ ಸಲಿಗೆಯಿದೆ. ಕೇಳಿದ್ದು ಕೊಡದಿದ್ದರೆ ಅವನ ಪಟವನ್ನು ಗೋಡೆಗೆ ಮುಖ ಮಾಡಿ ತೂಗುಹಾಕುತ್ತೇನೆ. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು. ಫೌಸ್ತೀನೊನ ಎದೆಯಲ್ಲಿ ನೀರು ತುಂಬಿದೆ ಎಂದು ತಿಳಿದ ದಿನ ಸಂತನಿಗೆ ಮೇಣದ ಬತ್ತಿ ಹಚ್ಚಿದೆ. ಫೌಸ್ತೀನೊ ಸತ್ತ ದಿನ ಸಂತನನ್ನು ಗೋಡೆಗೆ ತಿರುಗಿಸಿದೆ.

ನಮ್ಮಲ್ಲಿ ಹೆಣ ಮನೆಯಿಂದ ಹೊರಡಲು ಒಂದು ಕ್ರಮವಿದೆ. ಹೊತ್ತವರು ಹೊಸ್ತಿಲಲ್ಲಿ ನಿಂತು ಪೆಟ್ಟಿಗೆಯನ್ನು ಮನೆಯ ಕಡೆ ತಿರುಗಿಸಿ ಬಾಗಿಸುತ್ತಾರೆ. ಬ್ಯಾಂಡು ಬೀಳ್ಕೊಡುವ ರಾಗ ಊದುತ್ತದೆ. ಆ ರಾಗದ ಕೊನೆಯಲ್ಲಿ ಎಲ್ಲ ವಾದ್ಯ ನಿಂತು ದೊಡ್ಡ ಕಹಳೆಯೊಂದೇ ಊದುತ್ತದೆ. ಅದು ನಿಂತ ಕೂಡಲೇ ಮನೆಯ ಹೆಂಗಸು ಗಟ್ಟಿಯಾಗಿ ಹೇಳಬೇಕು: "ಹೊರಡು, ಮನೆ ನಾನು ನೋಡ್ಕೋತೀನಿ." ಹೇಳಿದ ಮೇಲೆ ಹೊಸ್ತಿಲು ದಾಟುತ್ತಾರೆ. ಹೇಳದಿದ್ದರೆ ಸತ್ತವನಿಗೆ ಮನೆಯ ಚಿಂತೆ ಬಿಡುವುದಿಲ್ಲ. ಅವನು ಹೊಸ್ತಿಲಲ್ಲೇ ಕೂರುತ್ತಾನೆ.

ಪ್ರೊಕೋರೊ ಎಲ್ಲ ಏರ್ಪಾಡು ಮಾಡಿದ್ದ. ನನ್ನ ದನಿ ಅಲ್ಲಿ ಹೊಸ್ತಿಲ ಪಕ್ಕದ ಸ್ಪೀಕರಿನಲ್ಲಿ ಕೇಳುವಂತೆ ಜೋಡಿಸಿದ್ದ. ನಾನು ಕಾರ್ಖಾನೆಯಲ್ಲಿ ರಜೆ ಕೇಳಿದೆ.

"ಸತ್ತಿದ್ದು ಆ ದೇಶದಲ್ಲಿ ತಾನೆ?" ಎಂದ ಮೇಸ್ತ್ರಿ. "ಈ ದೇಶದಲ್ಲಿ ಯಾಕೆ ರಜ?"

ಫೋನನ್ನು ಸೋಪಿನ ಡಬ್ಬಕ್ಕೆ ಒರಗಿಸಿದೆ. ಕೈಯಲ್ಲಿ ಹಾಸುಬಟ್ಟೆ, ಕಣ್ಣಲ್ಲಿ ಗಂಡನ ಪೆಟ್ಟಿಗೆ. ಪಕ್ಕದ ಉರುಳೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಹಿಂದೆ ನಿಂತರು. ಪೆಟ್ಟಿಗೆ ಹೊಸ್ತಿಲಿಗೆ ಬಂತು. ತಿರುಗಿತು. ಬಾಗಿತು. ರಾಗ ಶುರುವಾಯಿತು. ನಾನು ಬಾಯಿ ಒರೆಸಿಕೊಂಡು ಸಿದ್ಧಳಾದೆ.

ದನಿ ನಿಂತಿತು.

ಚಿತ್ರವಿತ್ತು. ಊದುವವರ ಕೆನ್ನೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ದನಿಯಿಲ್ಲ. ಚಿತ್ರದ ಕೆಳಗೆ ಬೂದು ಬಣ್ಣದ ಒಂದು ಸಾಲು ಮೂಡಿತು. ಪಕ್ಕದವಳು ಓದಿ ಹೇಳಿದಳು.

"ಈ ಸಂಗೀತ ಬೇರೆಯವರ ಸ್ವತ್ತಂತೆ, ಅಕ್ಕ. ಅದಕ್ಕೆ ತೆಗೆದುಬಿಟ್ಟವ್ರೆ."

"ಯಾರ ಸ್ವತ್ತು? ಸಾವಿನ ಹಾಡು ಕಣೇ ಅದು!"

ಫೋನು ತಟ್ಟಿದೆ. ಕುಟ್ಟಿದೆ. ಅಲ್ಲಿ ಹೊತ್ತವರು ನನ್ನ ಮಾತಿಗೆ ಕಾಯುತ್ತಿದ್ದರು. ನಾನು ರಾಗ ಮುಗಿಯಲೆಂದು ಕಾಯುತ್ತಿದ್ದೆ. ಅವರ ಹೆಗಲು ನಡುಗುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಚಿತ್ರವೂ ಹೋಯಿತು. ಉರುಳೆಯಲ್ಲಿ ಹಾಸುಬಟ್ಟೆ ಸಿಕ್ಕಿಕೊಂಡು ಕರಕಲು ವಾಸನೆ ಬಂತು. ಮೇಸ್ತ್ರಿ ಕೂಗಿದ. ಸುಟ್ಟ ಬಟ್ಟೆಯನ್ನು ನನ್ನ ಕೈಯಲ್ಲೇ ಎಳೆಸಿದರು. ಅಲ್ಲಿ ನನ್ನ ಗಂಡನನ್ನು ಮಾತಿಲ್ಲದೆ ಹೊಸ್ತಿಲು ದಾಟಿಸಿದರು.

ಆ ಸಂಜೆ ಪ್ರೊಕೋರೊ ಅಳುತ್ತ ಮಾತಾಡಿದ.

"ದೊಡ್ಡವ್ವ, ಇನ್ನೊಂದು ಸಲ ಹಿಂಗಾದ್ರೆ ಊರಿನ ಪುಟಾನೇ ಮುಚ್ಚಿಬಿಡ್ತಾರಂತೆ. ಊರ ಅಧ್ಯಕ್ಷರು ಹೇಳಿಬಿಟ್ರು, ಶಿಲುಬೆ ಎತ್ತೋ ದಿನ ಆ ರಾಗ ಪುಟದಲ್ಲಿ ಬರಬಾರ್ದು ಅಂತ. ಬೇರೆ ಯಾವುದಾದ್ರೂ ಊದಿ ಅಂದ್ರು."

"ಬೇರೆ ಯಾವ್ದು ಊದ್ತೀರೋ? ಹುಟ್ಟುಹಬ್ಬದ್ದಾ?"

ಶಿಲುಬೆ ಎತ್ತುವುದೆಂದರೆ ಒಂಬತ್ತನೆಯ ದಿನದ ಕೆಲಸ. ಹೆಣ ಮಲಗಿದ್ದ ನೆಲದ ಮೇಲೆ ಬಣ್ಣದ ಮರಳಿನಿಂದ ಶಿಲುಬೆ ಬರೆದಿರುತ್ತಾರೆ. ಆ ದಿನ ಮರಳನ್ನು ಬಟ್ಟೆಗೆ ತುಂಬಿ ಸಮಾಧಿಗೆ ಒಯ್ಯುತ್ತಾರೆ. ಮತ್ತೆ ಅದೇ ರಾಗ, ಅದೇ ಮಾತು. ನನಗೆ ಉಳಿದಿದ್ದ ಅವಕಾಶ ಅದೊಂದೇ.

ನನ್ನ ಮಗಳು ಮಿರೆಯಾ ಇಲ್ಲೇ ಓದಿ ಬೆಳೆದವಳು. ಅವಳು ಫೋನಿನಲ್ಲಿ ಹುಡುಕಿ ಆ ಬೂದು ಸಾಲಿನ ಒಡೆಯನನ್ನು ಹಿಡಿದಳು. ಕಂಪನಿಯ ಹೆಸರಿನ ಅರ್ಥ 'ಜೀವಂತ ಬೇರು'. ಮಾಲೀಕ ದಾರ್ಯೊ. ಪಟ ತೋರಿಸಿದಳು. ನನಗೆ ನಗು ಬಂತು. ಕೆಟ್ಟ ನಗು.

ಆ ಮುಖ ನನಗೆ ಗೊತ್ತಿತ್ತು. ನಾಲ್ಕಾರು ವರ್ಷದ ಹಿಂದೆ ಊರ ಹಬ್ಬಕ್ಕೆ ಹೋಗಿದ್ದ. ರಾಜಧಾನಿಯ ಹುಡುಗ, ಈಗ ಇದೇ ನಗರದಲ್ಲಿ ಕಚೇರಿ. ನಮ್ಮ ಮನೆಯಲ್ಲೇ ಮಲಗಿದ್ದ. ಫೌಸ್ತೀನೊ ಅವನಿಗೆ ಕೋಳಿ ಕೊಯ್ದು ಬಡಿಸಿದ್ದನ್ನು ನಾನು ಪುಟದಲ್ಲಿ ನೋಡಿದ್ದೆ. ಅವನು ಚಿಕ್ಕ ಯಂತ್ರವಿಟ್ಟು ಬ್ಯಾಂಡಿನ ರಾಗಗಳನ್ನು ಹಿಡಿದುಕೊಂಡ. ಯಾರೂ ಏನೂ ಕೇಳಲಿಲ್ಲ. ನಮ್ಮ ಬೆಟ್ಟದಲ್ಲಿ ಸಂಗೀತ ನಡೆಯುವುದೇ ಮುಯ್ಯಿಯಲ್ಲಿ. ನಿಮ್ಮೂರ ಹಬ್ಬಕ್ಕೆ ನಾವು ಬಂದು ಊದುತ್ತೇವೆ, ನಮ್ಮೂರ ಹಬ್ಬಕ್ಕೆ ನೀವು ಬಂದು ಊದಬೇಕು. ಊದಲು ಬಾರದವನು ಸೌದೆ ಒಡೆಯಬೇಕು, ನೀರು ಹೊರಬೇಕು. ಇವನೂ ಮುಯ್ಯಿಗೆ ಬಂದವನು, ಇವತ್ತಲ್ಲ ನಾಳೆ ತೀರಿಸುತ್ತಾನೆ ಎಂದು ಬ್ಯಾಂಡಿನವರು ಕೆನ್ನೆ ನೋಯುವವರೆಗೆ ಊದಿದರು. ಅವನು ಒಯ್ದು ತನ್ನ ಹೆಸರಿಗೆ ಬರೆಸಿಕೊಂಡ.

"ಅವ್ವ, ಕೇಳಿಲ್ಲಿ," ಎಂದು ಮಿರೆಯಾ ಅವನ ಧ್ವನಿಮುದ್ರಣವನ್ನು ಹಾಕಿದಳು. ಕೊನೆಯಲ್ಲಿ ದೊಡ್ಡ ಕಹಳೆ ಒಂದೇ ಬಂತು. ಸ್ವರದ ನಡುವೆ ಉಸಿರು ಎಳೆದುಕೊಳ್ಳುವ ಸದ್ದು. ಅದು ನನ್ನ ದಿಂಬಿನ ಪಕ್ಕದ ಉಸಿರು. ಬೇರೆ ಯಾರದೂ ಅಲ್ಲ.

ಅಂದರೆ ಆದದ್ದು ಇಷ್ಟು. ಫೌಸ್ತೀನೊನ ಉಸಿರನ್ನು ಹಿಡಿದಿಟ್ಟುಕೊಂಡು, ಅದೇ ಉಸಿರಿನಿಂದ ಫೌಸ್ತೀನೊನ ಸಾವಿನ ಬಾಯಿ ಮುಚ್ಚಿಸಿದ್ದರು.

"ಮಾಮೂಲಿ ಫೋನಲ್ಲಿ ಹೇಳಿಬಿಡವ್ವ," ಎಂದಳು ಮಿರೆಯಾ. "ಪ್ರೊಕೋರೊ ಅಣ್ಣ ಕಿವಿಗೆ ಹಿಡಿತಾನೆ."

"ಕದ್ದು ಹೇಳೋ ಮಾತೇನೆ ಅದು? ಊರಿಗೆ ಊರೇ ಕೇಳಬೇಕು. ಅರ್ಧ ಊರು ಇಲ್ಲಿದೆ. ನಿಮ್ಮಪ್ಪ ಇವರ ಮನೆ ಸಾವಿಗೆಲ್ಲ ಊದಿದಾನೆ. ಅವನನ್ನ ನಾನು ಗುಸುಗುಸು ಅಂತ ಕಳಿಸಲ್ಲ."

ಕೆಲಸ ಮುಗಿಸಿ ಅದೇ ಸಮವಸ್ತ್ರದಲ್ಲಿ ದಾರ್ಯೊನ ಕಚೇರಿಗೆ ಹೋದೆ. ಜೊತೆಗೆ ಹಿಲಾರ್ಯೊ ಬಂದ. ಇಲ್ಲಿನ ನಮ್ಮೂರ ಬ್ಯಾಂಡಿನಲ್ಲಿ ಫೌಸ್ತೀನೊನ ಜಾಗದಲ್ಲಿ ಊದುವವನು ಅವನೇ. ದೊಡ್ಡ ಹೋಟೆಲೊಂದರ ಮುಂದೆ ಸಾಹುಕಾರರ ಕಾರುಗಳನ್ನು ನಿಲ್ಲಿಸುವುದು ಅವನ ಕೆಲಸ. ಕೆಂಪು ಕೋಟು ಹಾಕಿಕೊಂಡೇ ಬಂದಿದ್ದ. ಕಚೇರಿಯ ಬಾಗಿಲಲ್ಲಿ ಒಬ್ಬಳು ಅವನ ಕೈಗೆ ಕಾರಿನ ಕೀಲಿ ಕೊಟ್ಟು ಒಳಗೆ ಹೋದಳು. ಹಿಲಾರ್ಯೊ ಕೀಲಿಯನ್ನು ಹೂವಿನ ಕುಂಡಕ್ಕೆ ಹಾಕಿದ.

ಗೋಡೆಯ ತುಂಬ ನಮ್ಮ ಮುದುಕಿಯರ ಪಟಗಳು. ಸುಕ್ಕು ಎಣಿಸಬಹುದಾದಷ್ಟು ದೊಡ್ಡವು. ಯಾವ ಪಟದ ಕೆಳಗೂ ಹೆಸರಿಲ್ಲ.

ದಾರ್ಯೊ ಎದ್ದು ಬಂದು ನನ್ನನ್ನು ಅಪ್ಪಿಕೊಂಡ. "ಅಮ್ಮಾ! ದೋನ್ ಫೌಸ್ತೀನೊ ಹೋಗಿಬಿಟ್ರಾ? ಎಂಥ ಮನುಷ್ಯ! ಆ ಕೋಳಿ ಸಾರು ಇನ್ನೂ ನಾಲಿಗೆ ಮೇಲಿದೆ."

"ಸಾರು ಅಲ್ಲೇ ಇರಲಿ. ಹಾಡು ವಾಪಸ್ ಕೊಡು."

"ನಾನೇನು ಮಾಡಿದೀನಿ ಅಮ್ಮ? ಅದು ಯಂತ್ರ ಮಾಡೋದು. ರಾಗ ಕೇಳುತ್ತೆ, ನಮ್ಮದಕ್ಕೆ ಹೊಂದಿದ್ರೆ ಮುಚ್ಚುತ್ತೆ. ನಿಮ್ಮ ಸಂಸ್ಕೃತಿ ಕಳ್ಳರ ಪಾಲಾಗಬಾರದು ಅಂತ ತಾನೆ ನಾವು ಕಾಪಾಡ್ತಿರೋದು?"

"ಕಳ್ಳ ಯಾರಪ್ಪ? ಪೆಟ್ಟಿಗೇಲಿ ಮಲಗಿದ್ದೋನಾ?"

ಹಿಲಾರ್ಯೊ ಹೇಳಿದ: "ನಿಮ್ಮ ರೆಕಾರ್ಡಲ್ಲಿ ಊದಿರೋದು ಅವನೇ, ಸ್ವಾಮಿ. ನಿಮ್ಮ ಯಂತ್ರ ಅವನದೇ ಹಾಡಿಗೆ ಅವನನ್ನೇ ಹಿಡಿದಿದೆ."

ದಾರ್ಯೊ ಎದೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ, ಎಂಥ ಕಥೆ! ಇದನ್ನ ಜನ ಕೇಳಬೇಕು. ಭಾನುವಾರ ನಮ್ಮ ಬೇರಿನ ಹಬ್ಬ ಇದೆ ಅಮ್ಮ. ನಾಲ್ಕು ದೇಶದಲ್ಲಿ ನೇರ ಪ್ರಸಾರ. ನೀವು ಬಂದು ವೇದಿಕೆ ಮೇಲೆ ಕೂತು ನಿಮ್ಮ ಭಾಷೇಲಿ ನಾಲ್ಕು ಮಾತು ಆಡಿ. ನಿಮ್ಮ ಬ್ಯಾಂಡೂ ಬರಲಿ. ಏನಾದ್ರೂ ಕುಣಿಯೋ ಅಂಥದ್ದು ನುಡಿಸಲಿ. ಆಮೇಲೆ ನಾನು ಈ ಒಂದು ಸಲಕ್ಕೆ ಅನುಮತಿ ಕೊಡಿಸ್ತೀನಿ."

"ಒಂದು ಸಲ ಅಂದ್ರೆ? ನಾಳೆ ಇವನು ಸತ್ರೆ?" ಹಿಲಾರ್ಯೊನನ್ನು ತೋರಿಸಿದೆ. "ನಾನು ಸತ್ರೆ? ಒಬ್ಬೊಬ್ರು ಸತ್ತಾಗ್ಲೂ ನಿನ್ನ ಬಾಗಿಲಿಗೆ ಬಂದು ಸಾಯ್ಲಾ ಅಂತ ಕೇಳಬೇಕಾ?"

"ಅದು ವಕೀಲರ ವಿಷಯ ಅಮ್ಮ," ಎಂದ. ದನಿಯಲ್ಲಿದ್ದ ಬೆಲ್ಲ ಕರಗಿತ್ತು.

"ನಮ್ಮ ಮನೇಲಿ ಉಂಡು ಮಲಗಿದ್ದೆ. ನನ್ನ ಗಂಡ ನಿನಗೆ ಊದಿದ. ಮುಯ್ಯಿ ಇದೆ ನಿನ್ನ ಮೇಲೆ. ಬಾ, ಶಿಲುಬೆ ಎತ್ತೋ ದಿನ ಸೌದೆ ಒಡಿ, ನೀರು ಹೊರು."

ಅವನು ನಕ್ಕ. ಪಕ್ಕದಲ್ಲಿದ್ದ ಹುಡುಗಿಗೆ, "ಇದನ್ನ ಬರ್ಕೊ, ಚೆನ್ನಾಗಿದೆ," ಎಂದ.

ಹೊರಗೆ ಬಂದ ಮೇಲೆ ಹಿಲಾರ್ಯೊ ನೆಲಕ್ಕೆ ಉಗಿದ. "ಹೋಗೋದು ಬೇಡ ಅಕ್ಕ. ಕೋತಿ ಕುಣಿಸೋಕೆ ಕರೀತಾವ್ನೆ."

"ಹೋಗೋಣ," ಎಂದೆ. ಭಾನುವಾರವೇ ಶಿಲುಬೆ ಎತ್ತುವ ದಿನ. ನನ್ನ ತಲೆಯಲ್ಲಿ ಒಂದು ಲೆಕ್ಕಾಚಾರ ಕೂತಿತ್ತು. ನಾಯಿ ಊರವರನ್ನೆಲ್ಲ ಕಚ್ಚಬಹುದು, ಸಾಕಿದವನನ್ನು ಕಚ್ಚುವುದಿಲ್ಲ. ನಮ್ಮ ಪುಟದಲ್ಲಿ ರಾಗ ಬಂದರೆ ಯಂತ್ರ ಮುಚ್ಚುತ್ತದೆ. ಅವನ ಪ್ರಸಾರದಲ್ಲೇ ಬಂದರೆ? ಮಾಲೀಕನ ಅಂಗಳದಲ್ಲಿ ಮಾಲೀಕನ ಹಾಡು. ಊರಿನವರು ಮರಳಿನ ಶಿಲುಬೆಯ ಪಕ್ಕದಲ್ಲೇ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅದರ ಮೇಲೆ ಅವನ ಹಬ್ಬವನ್ನು ನೋಡಲಿ. ಇಲ್ಲಿನ ಅರ್ಧ ಊರು ವೇದಿಕೆಯ ಮುಂದೆ ಬಂದು ನಿಲ್ಲಲಿ. ನಾನು ನನ್ನ ಮಾತು ಹೇಳುತ್ತೇನೆ. ಪ್ರೊಕೋರೊನಿಗೆ ತಿಳಿಸಿದೆ. ಗೋಡೆಗೆ ಮುಖ ಮಾಡಿದ್ದ ಸಂತನಿಗೂ ಅವನ ಬೆನ್ನಿನ ಕಡೆಯಿಂದಲೇ ತಿಳಿಸಿದೆ.

ಸೋಫಾದ ಹಿಂದಿನ ಕಹಳೆಯನ್ನು ಎಳೆದೆವು. ಅದರ ಬಾಯಲ್ಲಿ ಮೊಮ್ಮಕ್ಕಳ ಕಾಲುಚೀಲ, ಒಂದು ಬೊಂಬೆ, ನಾನು ಹುಡುಕಿ ಹುಡುಕಿ ಬಿಟ್ಟಿದ್ದ ಜಪಮಾಲೆ ಸಿಕ್ಕಿದವು. ಹಿಲಾರ್ಯೊ ಊದಿ ನೋಡಿದ. ಧೂಳು ಬಂತು. ಆಮೇಲೆ ಸ್ವರ ಬಂತು.

ಭಾನುವಾರ ದಾರ್ಯೊನ ಹುಡುಗಿಯರು ವೇದಿಕೆಯ ಹಿಂದೆ ಕಸೂತಿಯ ಬಟ್ಟೆಗಳನ್ನು ಹಿಡಿದು ನಿಂತಿದ್ದರು.

"ಇದನ್ನ ಹಾಕ್ಕೊಳ್ಳಿ ಅಜ್ಜಿ. ನಿಮ್ಮ ಸಾಂಪ್ರದಾಯಿಕ ಉಡುಗೆ."

ಬಿಡಿಸಿ ನೋಡಿದೆ. "ಇದು ನೆರೆ ಊರಿನದು ಕಣಮ್ಮ. ಅವರಿಗೂ ನಮಗೂ ಕಾಡಿನ ಗಡಿ ಜಗಳ ಇನ್ನೂ ಮುಗಿದಿಲ್ಲ. ಇದನ್ನ ಹಾಕ್ಕೊಂಡು ನಿಂತ್ರೆ ನನ್ನ ಗಂಡ ಎದ್ದು ಬರ್ತಾನೆ. ಅಳೋಕಲ್ಲ, ಉಗಿಯೋಕೆ."

"ಪರದೆ ಮೇಲೆ ಯಾರಿಗೂ ಗೊತ್ತಾಗಲ್ಲ ಅಜ್ಜಿ. ಸುಮ್ನೆ ಕೈ ಎತ್ತಿ," ಎಂದು ಅವಳು ನನ್ನ ತೋಳು ಹಿಡಿದು ತಲೆಯ ಮೇಲಿಂದ ಬಟ್ಟೆ ಇಳಿಸಲು ಬಂದಳು. ಮೂಗಿನವರೆಗೆ ಇಳಿಯಿತು. ಒಳಗೆ ಕತ್ತಲು. ಮಗುವಿಗೆ ಅಂಗಿ ತೊಡಿಸುವ ಹಾಗೆ ನನ್ನನ್ನು ಅಲ್ಲಾಡಿಸಿದಳು.

"ತೆಗಿಯೇ ಕೈ!"

ಬಟ್ಟೆಯನ್ನು ಕಿತ್ತು ಅವಳ ಕೈಗೆ ಕೊಟ್ಟೆ. ಕಾರ್ಖಾನೆಯ ನೀಲಿ ಸಮವಸ್ತ್ರದ ಮೇಲೆ ನನ್ನ ಕರಿ ಶಾಲು ಹೊದ್ದೆ. ಅದನ್ನು ನೋಡಿ ಬ್ಯಾಂಡಿನವರೂ ತಮಗೆ ಕೊಟ್ಟಿದ್ದ ಅಂಗಿಗಳನ್ನು ಕುರ್ಚಿಯ ಮೇಲೆ ಇಟ್ಟರು. ಹಿಲಾರ್ಯೊ ಕೆಂಪು ಕೋಟಿನ ಗುಂಡಿ ಹಾಕಿಕೊಂಡ. ಅಡುಗೆಮನೆಯ ಏಪ್ರನ್ನುಗಳು, ತೋಟಗಾರರ ಬೂಟುಗಳು ವೇದಿಕೆ ಹತ್ತಿದವು.

ದಾರ್ಯೊ ಮೈಕು ಹಿಡಿದು ಬೇರು, ಮಣ್ಣು, ತಾಯಿ ಎಂದೆಲ್ಲ ಮಾತಾಡಿದ. ನಮ್ಮ ಹಿಂದಿನ ದೊಡ್ಡ ಪರದೆಯಲ್ಲಿ ನಾವೇ ಕಾಣುತ್ತಿದ್ದೆವು. ಪಕ್ಕದಲ್ಲಿ ನೋಡುವವರ ಮಾತುಗಳು ಮೇಲೇರುತ್ತಿದ್ದವು. ಮೈಕು ನನ್ನ ಬಾಯಿಗೆ ಬಂತು.

ನಮ್ಮ ಭಾಷೆಯಲ್ಲಿ ಹೇಳಿದೆ: "ಇವತ್ತು ಫೌಸ್ತೀನೊನ ಶಿಲುಬೆ ಎತ್ತೋ ದಿನ. ಇವನ ಅಂಗಳ ಬಳಸಿಕೊಳ್ತಿದೀವಿ. ಎಲ್ಲ ಟೋಪಿ ತೆಗೀರಿ."

ದಾರ್ಯೊನಿಗೆ ಅರ್ಥವಾಗಲಿಲ್ಲ. ಚಪ್ಪಾಳೆ ತಟ್ಟಿದ. ಮುಂದೆ ನಿಂತಿದ್ದ ನಮ್ಮವರು ಟೋಪಿ ತೆಗೆದದ್ದು ನೋಡಿ ಅವನ ಕೈ ನಿಂತಿತು.

ಬೀಳ್ಕೊಡುವ ರಾಗ ಎದ್ದಿತು. ನಾನು ಕಣ್ಣು ಮುಚ್ಚಿದೆ. ಅರ್ಧ ರಾಗವಾಗಿರಬೇಕು, ಮಿರೆಯಾ ವೇದಿಕೆಯ ಕೆಳಗಿನಿಂದ ಕೂಗಿದಳು.

"ಅವ್ವ! ದನಿ ಹೋಯ್ತು! ಇವನದ್ದನ್ನೂ ಮುಚ್ಚಿಬಿಡ್ತು!"

ತಿರುಗಿ ನೋಡಿದೆ. ಪರದೆಯಲ್ಲಿ ಅದೇ ಬೂದು ಸಾಲು. ಈ ಸಂಗೀತ ಬೇರೆಯವರ ಸ್ವತ್ತು. ಯಂತ್ರಕ್ಕೆ ರಾಗವಷ್ಟೇ ಗೊತ್ತು. ಮಾಲೀಕನ ಮುಖ ಗೊತ್ತಿಲ್ಲ. ನಾಯಿ ಸಾಕಿದವನ ಕಾಲಿಗೇ ಬಾಯಿ ಹಾಕಿತ್ತು.

ಬೇರೆ ದಿನವಾಗಿದ್ದರೆ ನೆಲಕ್ಕೆ ಬಿದ್ದು ನಗುತ್ತಿದ್ದೆ. ಆದರೆ ಅಲ್ಲಿ ಮರಳಿನ ಸುತ್ತ ಊರು ಕುಳಿತಿದೆ. ಎರಡನೆಯ ಸಲವೂ ಕೇಳುತ್ತಿಲ್ಲ. ಇನ್ನು ಮೂರನೆಯದಿಲ್ಲ.

"ನಿಲ್ಸಿ! ನಿಲ್ಸಿ!" ದಾರ್ಯೊ ಬ್ಯಾಂಡಿನ ಮುಂದೆ ಕೈ ಬೀಸುತ್ತ ಓಡಾಡಿದ. ಊದುತ್ತಿರುವವನಿಗೆ ಉತ್ತರ ಕೊಡಲು ಬಾಯಿಲ್ಲ. ಹಿಲಾರ್ಯೊ ಕಣ್ಣಲ್ಲೇ ಅವನನ್ನು ಪಕ್ಕಕ್ಕೆ ಸರಿಸಿದ.

"ಅವ್ವ!" ಮಿರೆಯಾ ಪರದೆಯಲ್ಲಿ ಮೇಲೇರುತ್ತಿದ್ದ ಮಾತೊಂದನ್ನು ಓದಿದಳು. "ಪ್ರೊಕೋರೊ ಅಣ್ಣ ಬರೆದವ್ನೆ! ಹಿಲಾರ್ಯೊ ಮಾವನ ಕೆನ್ನೆ ತೋರಿಸಿ ಅಂತ! ಅಲ್ಲಿ ನಮ್ಮವರೇ ಊದ್ತಾವ್ರಂತೆ, ಕೆನ್ನೆ ನೋಡ್ಕೊಂಡು!"

ಹಾಸುಬಟ್ಟೆ ಸುಡುತ್ತಿದ್ದ ಹೊತ್ತು ನಾನೂ ಕೆನ್ನೆಗಳನ್ನು ಕಂಡಿದ್ದೆ. ಕಂಡಿದ್ದೆ, ನೋಡಿರಲಿಲ್ಲ. ಫೋನು ಕುಟ್ಟುವುದರಲ್ಲಿದ್ದೆ. ಕ್ಯಾಮರಾ ಹಿಡಿದಿದ್ದ ಹುಡುಗಿ ಬಾಯಿ ತೆರೆದು ನಿಂತಿದ್ದಳು. ಅವಳ ಭುಜ ಹಿಡಿದು ಹಿಲಾರ್ಯೊನ ಕಡೆ ತಿರುಗಿಸಿದೆ. ಪರದೆಯ ತುಂಬ ಅವನ ಮುಖ. ಬೆವರು, ನರ, ಎರಡು ಬುಟ್ಟಿಯಂಥ ಕೆನ್ನೆ. ಉಳಿದ ವಾದ್ಯಗಳು ನಿಂತವು. ಫೌಸ್ತೀನೊನ ಕಹಳೆಯೊಂದೇ ಉಳಿಯಿತು. ಹಿಲಾರ್ಯೊ ಉಸಿರು ಎಳೆದ ಕಡೆ ಅಲ್ಲಿ ಬೆಟ್ಟದ ಮೇಲೆ ಇನ್ನೊಬ್ಬ ಉಸಿರು ಎಳೆದನಂತೆ. ಪ್ರೊಕೋರೊ ಆಮೇಲೆ ಹೇಳಿದ.

ಕೆನ್ನೆ ಇಳಿಯಿತು.

ನಾನು ಕ್ಯಾಮರಾದ ಮುಂದೆ ಹೋಗಿ ನಿಂತೆ. ನಮ್ಮವರು ತುಟಿ ನೋಡಿದರೆ ಸಾಕೆಂದು ಒಂದೊಂದೇ ಮಾತನ್ನು ಬಾಯಿ ಅಗಲಿಸಿ ಹೇಳಿದೆ. ಇಲ್ಲಿನ ಅರ್ಧ ಊರಿಗೆ ಕೇಳಲೆಂದು ಗಂಟಲು ಹರಿಯುವ ಹಾಗೆ ಕೂಗಿದೆ.

"ಹೊರಡು, ಮನೆ ನಾನು ನೋಡ್ಕೋತೀನಿ!"

ಆ ಮನೆಗೆ ನಾನು ಕಾಲಿಟ್ಟು ಎಷ್ಟು ಕಾಲವಾಯಿತೋ. ಇನ್ನು ಇಡುವುದೂ ಇಲ್ಲ. ಆದರೂ ಹೇಳಿದೆ. ಅಲ್ಲಿ ಮರಳು ಎತ್ತಿದರು.

ವೇದಿಕೆಯ ಮೂಲೆಯಲ್ಲಿ ದಾರ್ಯೊ ಫೋನಿನೊಂದಿಗೆ ಜಗಳವಾಡುತ್ತಿದ್ದ. "ನಾನೇ ಮಾಲೀಕ! ನಾನೇ ರೀ ಮಾಲೀಕ!" ಅವನ ಬೆವರು ಮೂಗಿನಿಂದ ಫೋನಿನ ಮೇಲೆ ಬೀಳುತ್ತಿತ್ತು. ಆ ಕಡೆಯಿಂದ ಮನುಷ್ಯರು ಯಾರೂ ಮಾತಾಡುತ್ತಿರಲಿಲ್ಲ.

"ಏನಂತೆ?" ಎಂದು ಕೇಳಿದೆ.

"ನನ್ನದು ಅಂತ ಸಾಬೀತು ಮಾಡು ಅಂತಿದೆ." ಅವನು ನನ್ನ ಕಡೆ ತಿರುಗಿದ. ಕಣ್ಣಲ್ಲಿ ನಿಜವಾದ ದುಃಖವಿತ್ತು. "ನೀವು ಹೇಳಿ ಅಮ್ಮ. ನಾನೇ ಬಂದು ರೆಕಾರ್ಡ್ ಮಾಡ್ಕೊಂಡೆ ಅಂತ ನೀವೇ ಒಂದು ಮಾತು ಹೇಳಿಬಿಡಿ."

"ಹೇಳ್ತೀನಿ ಕೊಡು," ಎಂದು ಕೈ ಚಾಚಿದೆ. "ಕೋಳಿ ತಿಂದಿದ್ದೂ ಹೇಳ್ತೀನಿ."

ಅವನು ಫೋನು ಕೊಡಲಿಲ್ಲ.

"ನನ್ನ ಗಂಡ ನಿನ್ನ ಯಂತ್ರಕ್ಕೆ ಊದಿದ. ನಿನ್ನ ಅಂಗಳದಲ್ಲಿ ಅವನನ್ನ ಕಳಿಸಿದ್ವಿ. ಅಲ್ಲಿಗೆ ನಿನ್ನ ಮುಯ್ಯಿ ತೀರ್ತು," ಎಂದೆ. "ಕದ್ದಿದ್ದು ತೀರಿಲ್ಲ. ನಮ್ಮೂರಲ್ಲಿ ಇನ್ನೂ ಬಹಳ ಜನ ಸಾಯೋರಿದೀವಿ. ಒಬ್ಬೊಬ್ರಿಗೂ ಅದನ್ನೇ ಊದ್ತೀವಿ. ಪುಟ ಮುಚ್ಚಿದ್ರೆ ಇನ್ನೊಂದು ತೆರೀತೀವಿ. ಅನುಮತಿ ಕೇಳಲ್ಲ."

ಹಿಲಾರ್ಯೊ ಕಹಳೆಯನ್ನು ಬೋರಲು ಹಾಕಿ ಎಂಜಲು ನೀರು ಕೊಡವಿದ. ಅದು ದಾರ್ಯೊನ ಹೊಳೆಯುವ ಬೂಟಿನ ಮೇಲೆ ಬಿತ್ತು. ಬೇಕೆಂದೇ ಕೊಡವಿದನೋ ಇಲ್ಲವೋ ನಾನು ಕೇಳಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ಜಪಮಾಲೆ ಹಿಡಿದು ಕೂತೆ. ಫೌಸ್ತೀನೊನ ಆತ್ಮಕ್ಕೆ ದೇವರಲ್ಲಿ ಬೇಡಿಕೊಂಡೆ. ಆಮೇಲೆ ಸಂತನ ಪಟದ ಹತ್ತಿರ ಹೋದೆ. ಗಂಡನನ್ನು ಮಾತಾಡಿಸಿ ಕಳಿಸಿಕೊಟ್ಟದ್ದು ನಿಜ. ಹಾಡು ಇನ್ನೂ ಆ ಕಳ್ಳನ ಹೆಸರಿನಲ್ಲಿದೆ ಎಂಬುದೂ ನಿಜ. ನಾಳೆ ಬೆಳಿಗ್ಗೆ ಮತ್ತೆ ಉರುಳೆಯ ಮುಂದೆ ನಿಲ್ಲಬೇಕು.

ಪಟವನ್ನು ಅರ್ಧ ತಿರುಗಿಸಿದೆ. ಒಂದು ಕಿವಿ ನನ್ನ ಕಡೆಗಿರಲಿ, ಇನ್ನೊಂದು ಗೋಡೆಗೇ ಇರಲಿ.